ನಲವತ್ತೆರಡು ಡಿಗ್ರಿ

ಟಮಕದ ಲ್ಯಾಬಿನಲ್ಲಿ ರಾತ್ರಿ ಹನ್ನೊಂದೂಕಾಲು.
ನೀರತೊಟ್ಟಿಯ ಬಿಸಿ ನಲವತ್ತೆರಡಕ್ಕೆ ಬಂದು ನಿಂತಿದೆ.
ಯೀಸ್ಟಿನ ಕೊಳವೆ ಇಳಿಬಿಟ್ಟು ಗಡಿಯಾರ ನೋಡುತ್ತಿದ್ದೇನೆ.
ಹತ್ತು ನಿಮಿಷ. ಹೆಚ್ಚಾದರೆ ಸೊರಗುತ್ತವೆ,
ಕಮ್ಮಿಯಾದರೆ ಅವಕ್ಕೆ ಗೊತ್ತೇ ಆಗುವುದಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಅಮ್ಮ.
ಡೂಮ್ ಲೈಟ್ ಸರ್ಕಲ್ಲಿನ ಬೇಕರಿ ಬಾಗಿಲು ಹಾಕಿಸಿ ಬಂದವಳು,
ಮೊಣಕೈವರೆಗೂ ಮೈದಾ. ಕಡೇ ಬಸ್ಸು ಹೋಯಿತು,
ನನ್ನ ಸ್ಕೂಟರಿಗೆ ಕಾಯಬೇಕು.
ಇಪ್ಪತ್ತು ವರ್ಷ ಇದೇ ಜೀವಕ್ಕೆ
ಉಗುರುಬೆಚ್ಚನೆ ನೀರು ಕೊಟ್ಟು ಬನ್ನು ಉಬ್ಬಿಸಿದವಳು
ಕೇಳುತ್ತಾಳೆ:
"ಅಷ್ಟು ಕಾಸಿದ್ರೆ ಮುನಿಸ್ಕೊಳ್ಳಲ್ವಾ?"

ಮುನಿಸು.
ನನ್ನ ಪ್ರಬಂಧದಲ್ಲಿ ಅದಕ್ಕೆ ಬೇರೆ ಹೆಸರಿದೆ.

ಬಾ, ಕಣ್ಣಿಡು ಎಂದೆ.
ಕತ್ತಲು. ಕತ್ತಲಲ್ಲಿ ದುಂಡುದುಂಡು ಜೀವ,
ಒಂದೊಂದರೊಳಗೂ ಹಸಿರು ಚುಕ್ಕಿ,
ಮಡಿಯಲ್ಲಿ ಆಗಷ್ಟೇ ಕೊತ್ತಂಬರಿ ಮೊಳೆತ ಹಾಗೆ.
"ಇದೇನು, ದೊಡ್ಡದಕ್ಕೊಂದು ಚಿಕ್ಕದು ಅಂಟ್ಕೊಂಡೈತೆ?"
ಮೊಗ್ಗು. ಮಗಳು.
ಕೆಲವು ಚೀಟಿ ತಾಯಿ ತಾನು ಓದದೆ
ಮಗಳ ತುದಿಗೇ ಸಾಗಿಸುತ್ತಾಳೆ,
ಮುಟ್ಟುವ ತನಕ ಚೀಟಿಯ ಬಾಯಿ ಕಟ್ಟಿರುತ್ತದೆ.
"ಚೀಟಿ ಯಾವುದು?"
ವಂಶದ ಕಡತ ಒಳಕೋಣೆ ಬಿಟ್ಟು ಬರುವುದಿಲ್ಲ,
ಹೊರಗೆ ಬರುವುದು ನಕಲು.
ಯಾರಾದರೂ ಓದಿದರೆ ಅದು ಪ್ರೋಟೀನು,
ಓದದಿದ್ದರೆ ಬರೀ ಬರಹ.
ಬಿಸಿ ತಾಗಿದ್ದೇ ತಡ, ಚೀಟಿ ಹಿಡಿಯುವ ಪ್ರೋಟೀನುಗಳು
ಹಿಡಿದದ್ದನ್ನು ಹಿಡಿದುಕೊಂಡೇ ಮುದ್ದೆ ಕಟ್ಟುತ್ತವೆ:
ಈಗ ಬೇಕಾದ ನಾಲ್ಕು ಓದಿ, ಮಿಕ್ಕಿದ್ದು ತಡೀರಿ.

ಓದುವುದಕ್ಕೆ ನಾವು ಅನುವಾದ ಎನ್ನುತ್ತೇವೆ.
ಮನೆಯಲ್ಲಿ ತೆಲುಗು, ಒಲೆಯ ಮುಂದೆ ಉರ್ದು,
ನನ್ನ ಜೊತೆ ಕನ್ನಡ ಆಡುವವಳಿಗೆ
ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

"ಅಂಗಾದ್ರೆ ಗಂಟು ಹಾಕ್ಕೊಂಡವೆ."

ಸ್ವಲ್ಪ ಹೊತ್ತು ತೊಟ್ಟಿಯ ಗುಂಯ್ ಸದ್ದು ಮಾತ್ರ.

ಆಮೇಲೆ, ಕಣ್ಣು ತೆಗೆಯದೆಯೇ, ಶುರುಮಾಡಿದಳು.
ವೇಮಗಲ್ಲಿನ ಏಳನೇ ಕ್ಲಾಸು. ಪಿಳ್ಳಪ್ಪ ಮೇಷ್ಟ್ರು
ಅಪ್ಪನಿಗೆ ಕೊಡು ಅಂತ ಒಂದು ಚೀಟಿ ಬರೆದರಂತೆ:
ಅಕ್ಕಯಮ್ಮ ಲೆಕ್ಕದಲ್ಲಿ ಚುರುಕು, ಹೈಸ್ಕೂಲಿಗೆ ಕಳಿಸಿ.
ಲಂಗದ ಅಂಚಿಗೆ ಗಂಟು ಹಾಕಿಕೊಂಡು ಬಂದರೆ
ಮನೆಯಲ್ಲಿ ಅವ್ವನಿಗೆ ಹೆರಿಗೆ ನೋವು,
ನೀರು ಕಾಯಿಸಲು ಇವಳೊಬ್ಬಳೇ.
"ಆವತ್ತು ಕೊಡೋ ದಿನ ಅಲ್ಲ ಅನ್ನಿಸ್ತು."
ಮಾರನೇ ದಿನವೂ ಅನ್ನಿಸಿತು.
ಲಂಗದ ಗಂಟು ಸೀರೆಯ ಸೆರಗಿಗೆ ಬಂತು,
ಬಾವಿಕಟ್ಟೆಯಲ್ಲಿ ಎಷ್ಟೋ ಸಲ ಒಗೆಸಿಕೊಂಡಿತು.
ಮದುವೆಯ ವರ್ಷ ಬಿಚ್ಚಿ ನೋಡಿದರೆ
ಚಿಟಿಕೆ ನೀಲಿ ಹಿಟ್ಟು.

"ಹೇಳಮ್ಮ, ಗಂಟು ಕಾಯ್ತದಾ, ತಿಂತದಾ?"

ಮೂರು ವರ್ಷದಿಂದ ನನ್ನ ಗೈಡ್ ಕೇಳುವ ಪ್ರಶ್ನೆ,
ವರಾಂಡದಲ್ಲಿ ಅವರು ಕಂಡರೆ ದಾರಿ ಬದಲಿಸುವ ಪ್ರಶ್ನೆ.
ಚುಕ್ಕಿ ಅನ್ನುವುದು ಹಗೇವೋ, ತಿಪ್ಪೆಯೋ?
ಕಾಯುವ ಪ್ರೋಟೀನಿನ ಮಗ್ಗುಲಲ್ಲೇ
ಕತ್ತರಿಸುವ ಪ್ರೋಟೀನೂ ಕೂತಿರುತ್ತದೆ,
ನನ್ನ ಚಿತ್ರಗಳಲ್ಲಿ ಎರಡಕ್ಕೂ ಒಂದೇ ಬೆಳಕು.
ಗೊತ್ತಿಲ್ಲ ಎಂದೆ.
"ಇಷ್ಟು ಓದೀನೂ!" ಎಂದು ನಕ್ಕಳು,
ಬೈದ ಹಾಗಿರಲಿಲ್ಲ.

ಟೈಮರ್ ಕಿರುಚಿತು.
ಕೊಳವೆಯನ್ನು ಮೂವತ್ತು ಡಿಗ್ರಿಗೆ ಇಟ್ಟೆ,
ಥರ್ಮಾಮೀಟರ್ ಇಲ್ಲದೆ ಅವಳ ಅಂಗೈ ಬಲ್ಲ ಬಿಸಿ.
ಫ್ಲಾಸ್ಕಿನ ಕಾಫಿ ಮುಗಿಸಿದೆವು.
ಇಪ್ಪತ್ತನೇ ನಿಮಿಷಕ್ಕೆ ನೋಡಿದರೆ ಚುಕ್ಕಿ ಕರಗಿ
ಹಸಿರು ಮೈತುಂಬ ಹರಡಿದೆ,
ಎಲ್ಲದರಲ್ಲೂ ಅಲ್ಲ.
ಎಣಿಸಿದೆ: ಇನ್ನೂರರಲ್ಲಿ ಕರಗಿದ್ದು
ನೂರ ಅರವತ್ತೊಂದು.
ಕ್ಯಾಲ್ಕುಲೇಟರಿಗೆ ಕೈ ಚಾಚುವ ಮೊದಲೇ
ಹಿಂದಿನಿಂದ, ಲೋಟ ತೊಳೆಯುತ್ತಲೇ,
"ಮೂವತ್ತೊಂಬತ್ತು ಬಿಚ್ಚಿಲ್ಲ."

ಪುಸ್ತಕ ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟೆ.
ಕೈ ಸೆರಗಿಗೆ ಒರೆಸಿ ಒರೆಸಿ ಬರೆದಳು.
ಗೆರೆಯ ಮೇಲೆ ಮೈದಾ. ೩೯.
ಒಂಬತ್ತರ ಬಾಲ ಉದ್ದ ಎಳೆದು ಮೇಲಕ್ಕೆ ಸುತ್ತಿದ್ದಾಳೆ.
ಮೇಷ್ಟ್ರು ಹಂಗೇ ಬರೀತಿದ್ದರಂತೆ.