ಲಗೇಜು: ಒಂದು ದೋಣಿ

ಬಾದಾಮಿಯ ಬಂಡೆ ಹತ್ತಲು ಬಂದವನೊಬ್ಬ
ಮೊಣಕಾಲು ತಿರುಚಿಕೊಂಡು ಮರಳುವಾಗ
ಅರ್ಧ ಬೆಲೆಗೆ ಕೊಟ್ಟುಹೋದ ದೋಣಿ ಇದು.
ಸುತ್ತಿದರೆ ಒಂದು ಹಾಸಿಗೆಯಷ್ಟೂ ಇಲ್ಲ,
ಮೂರು ಕಿಲೋ. ಪಿ.ಟಿ. ಟೀಚರ್ ನಾನು,
ನಮ್ಮ ವಾಲಿಬಾಲ್ ಚೀಲವೇ ಇದಕ್ಕಿಂತ ಭಾರ.
ಹುಟ್ಟು ನಾಲ್ಕು ತುಂಡು.
ಹೊಟ್ಟೆಯ ಬಳಿ ಒಂದು ತೇಪೆ,
ಗುಳೇದಗುಡ್ಡದ ಮಕ್ತುಮಸಾಬ ಸೈಕಲ್ ಟ್ಯೂಬು ಕತ್ತರಿಸಿ
ಸಲ್ಯೂಷನ್ ಹಚ್ಚಿ, ಉಫ್ ಉಫ್ ಊದಿ ಕೂರಿಸಿದ್ದು.
"ಗ್ಯಾರಂಟಿ ರಸ್ತಾಕ್ಕ ಐತ್ರಿ ಅಕ್ಕಾರ,
ನೀರಿಗೆ ನಾ ಏನೂ ಹೇಳಂಗಿಲ್ಲ."

ಕಂಡಕ್ಟರ್ ಚೀಲ ಒತ್ತಿ ನೋಡಿದ. ಏನಿದು?
ದೋಣಿ, ಅಂದೆ.
ಬಸ್ಸಿಗೆ ಬಸ್ಸೇ ನಕ್ಕಿತು.
ಕೋಳಿಗೆ ದರವಿದೆ, ಮೇಕೆಗಿದೆ, ದೋಣಿ ಪಟ್ಟಿಯಲ್ಲಿಲ್ಲ.
"ಹೋಗ್ಲಿ, ತೊಡಿ ಮ್ಯಾಲ ಕುಂದ್ರಸ್ಕೋರಿ.
ಐದು ವರ್ಷ ತುಂಬಿದ ಮ್ಯಾಲ ಟಿಕೆಟ್."

ಶಿವಯೋಗಮಂದಿರ ದಾಟಿ, ದಂಡೆ.
ಇದಕ್ಕೆ ಪಂಪಿಲ್ಲ, ತೆಳುಬಟ್ಟೆಯ ಚೀಲವೊಂದಿದೆ ಅಷ್ಟೆ.
ಬಾಯಿ ಅಗಲಿಸಿ ಗಾಳಿಗೆ ಒಡ್ಡಬೇಕು,
ತುಂಬಿತೆನಿಸಿದಾಗ ಗಬಕ್ಕನೆ ಮುಚ್ಚಿ ಹಿಂಡಬೇಕು.
ಕಣದಲ್ಲಿ ಜೋಳ ತೂರುವಾಗ ಅಜ್ಜ
ಮೊರ ಎತ್ತಿ ಹಿಡಿದು ಕಾಯುತ್ತಿದ್ದ ಹಾಗೆ
ನಾನೂ ನಿಂತೆ. ಬರಲಿಲ್ಲ. ಬರಲಿಲ್ಲ. ಬಂತು.
ಹನ್ನೆರಡು ಚೀಲ ಗಾಳಿಗೆ
ಮಲಗಿದ್ದ ಎಮ್ಮೆ ಕಾಲು ಬಿಚ್ಚಿದಂತೆ
ಎದ್ದು ಕೂತಿತು ದೋಣಿ.

ಹೊಳೆಯೆಂದರೆ ಏನೆಂದುಕೊಂಡಿರಿ?
ಕಾರ್ತಿಕದ ಮಲಪ್ರಭೆ ಇದು. ಮೊಣಕಾಲುದ್ದ,
ಕೆಲವೆಡೆ ಹಿಮ್ಮಡಿ ಮುಳುಗಿದರೆ ಹೆಚ್ಚು.
ಪಂಪ್‌ಸೆಟ್ಟಿನ ಕರಿ ಪೈಪುಗಳು ಕತ್ತು ಚಾಚಿ ಕುಡಿಯುತ್ತಿವೆ,
ಮರಳು ತೆಗೆದ ಗುಂಡಿಗಳಲ್ಲಿ ಮಾತ್ರ ಹಸಿರು ಕತ್ತಲೆ.
ಒಂದು ಗಂಟೆ ಅದು ನನ್ನನ್ನು ಹೊತ್ತರೆ
ಮುಂದಿನ ಗಂಟೆ ನಾನು ಅದನ್ನು ಹೊತ್ತೆ,
ಬೋರಲು, ತಲೆಯ ಮೇಲೆ, ಉಸುಕಿನ ದಿಬ್ಬ ದಾಟಿ.
ಗಾಳ ಹಾಕಿ ಕೂತ ಹುಡುಗರು ಕೂಗಿದರು
"ಆಮಿ ಬಂತಲೇ, ಆಮಿ! ಕಾಲು ಎರಡ ಅದಾವ!"

ಮಡುವಿನ ಅಂಚಿಗೆ
ಶೇಂಗಾ ಬಳ್ಳಿಯ ಹೊರೆ ಇಳಿಸಿ ಕೂತಿದ್ದಳು ಬಾಳವ್ವ.
"ಆಚಿ ದಂಡಿಗೆ ಬಿಡ್ತಿ ಏನವಾ?
ಸುತ್ತಿ ಹೋದ್ರ ಹೊತ್ತ ಮುಳಗತೈತಿ."
ಒಬ್ಬರ ದೋಣಿ.
ನನ್ನ ಜಾಕೆಟ್ಟು ಆಕೆಯ ಸೆರಗಿನ ಮೇಲೆ ತೊಡಿಸಿದೆ.
ನನ್ನ ಮೊಣಕಾಲುಗಳ ನಡುವೆ ಆಕೆ, ಆಕೆಯ ಮಡಿಲಲ್ಲಿ ಹೊರೆ,
ತೇಪೆಯ ಮೇಲೆ ಆಕೆಯ ಅಂಗೈ.
ಅರವತ್ತು ವರ್ಷ ಕುಡಿದಿದ್ದಾಳೆ, ತೊಳೆದಿದ್ದಾಳೆ, ಬೈದಿದ್ದಾಳೆ,
ಈ ನೀರಿನ ಮೇಲೆ ಕೂತದ್ದು ಇದೇ ಮೊದಲು.

ನಡುವಿನಲ್ಲಿ, "ತಡಿ," ಅಂದಳು.
ಹೆದರಿದಳೇನೋ ಎಂದುಕೊಂಡೆ.
ಕತ್ತು ಹೊರಳಿಸಿ ತನ್ನ ಹೊಲ ನೋಡುತ್ತಿದ್ದಳು.
"ಇಷ್ಟ ಏನ ಅದು?
ಬಗ್ಗಿ ಕೀಳುವಾಗ ಮುಗಿಯಂಗ ಇರಲಿಲ್ಲ."
ಹುಟ್ಟು ಎತ್ತಿ ಹಿಡಿದೆ. ತುದಿಯಿಂದ ಹನಿ, ಹನಿ.
ದೋಣಿ ತನ್ನಷ್ಟಕ್ಕೆ ತಿರುಗಿ
ಆಕೆಗೆ ಹೊಲ ತೋರಿಸಿತು, ಗುಡ್ಡ ತೋರಿಸಿತು,
ಮತ್ತೆ ಹೊಲ.

ದಂಡೆಯಲ್ಲಿ "ರೊಕ್ಕ ಇಲ್ಲವಾ" ಎಂದು
ಎರಡು ಬೊಗಸೆ ಹಸಿ ಶೇಂಗಾ ದೋಣಿಯೊಳಕ್ಕೆ ಸುರಿದಳು,
ಮಣ್ಣು ಸಮೇತ.
ಜಾಕೆಟ್ಟು ಬಿಚ್ಚಿಕೊಡುವುದನ್ನು ಮರೆತು ಹೊಂಟವಳನ್ನು
ನಾನೇ ಕೂಗಿ ನಿಲ್ಲಿಸಬೇಕಾಯಿತು.

ಪಟ್ಟದಕಲ್ಲು ಮುಟ್ಟುವಾಗ ಬಿಸಿಲು ಕೆಂಪಗೆ.
ಹೊಳೆ ಬಡಗಣಕ್ಕೆ ಹೊರಳುವ ಜಾಗ.
ಗುಡಿಯ ಶಿಖರಗಳು ನೀರಲ್ಲಿ ತಲೆಕೆಳಗಾಗಿ ನಿಂತಿದ್ದವು,
ತುಳಿದಂತಾದೀತೆಂದು ಅಂಚು ಹಿಡಿದು ಬಂದೆ.
ವಾಚ್‌ಮನ್ ಸೀಟಿ ಊದಿದ. ಯಾವ ಗೇಟಿನಿಂದ ಬಂದ್ರಿ?
ಈ ಕಡೆ ಗೇಟೇ ಇಲ್ಲವಲ್ಲ, ಅಂದೆ.

ಬಿರಡೆ ತಿರುಗಿಸಿದೆ.
ಬೆಳಿಗ್ಗೆ ಮಂದಿರದ ಹತ್ತಿರ ಹಿಡಿದಿದ್ದ ಹನ್ನೆರಡು ಚೀಲ ಗಾಳಿ
ಉಸ್ಸೆಂದು ಇಲ್ಲಿ ಹೊರಬಿತ್ತು.
ದಿನವಿಡೀ ಹೊಳೆ ಇಳಿದು ಬಂದಿತ್ತು,
ಒಂದಿಷ್ಟೂ ಒದ್ದೆಯಾಗದೆ.

ಕೊನೆಯ ಬಸ್ಸು. ಅದೇ ಕಂಡಕ್ಟರ್.
ಅವನ ಅಂಗೈಗೂ ನಾಲ್ಕು ಶೇಂಗಾ.
ಸುಲಿಯುತ್ತ ನನ್ನ ತೊಡೆ ನೋಡಿದ, ಕೆಳಗೆ ಹರಿದ ನೀರು ನೋಡಿದ.
"ಕೂಸು ಉಚ್ಚಿ ಹೊಯ್ದೈತಲ್ರಿ, ಟೀಚರ."