ಜಾಲಿ ಅಂಟು

ಬರಕೋರಿ ಸಾಹೇಬ್ರ. ಹೆಸರು ಸಾಬಮ್ಮ.
ಊರು ರಾಯಚೂರು, ಮನಿ ಆಮ್ ತಲಾಬಿನ ದಂಡಿಮ್ಯಾಲ.
ಕಸುಬು ಅಂಟು.
ಬ್ಯಾಸಿಗ್ಯಾಗ ಜಾಲಿಗಿಡಕ್ಕ ಕೊಡ್ಲಿಲೆ ಗಾಯ ಮಾಡ್ತೀನಿ,
ಗಿಡ ಅಳತೈತಿ, ಅತ್ತದ್ದು ಒಣಗತೈತಿ,
ಕಿತ್ತು ತಂದು, ನೆನಿಹಾಕಿ, ಹಳೇ ಸೀರಿ ಸೆರಗಿನಾಗ ಸೋಸಿ
ಸೇರಿಗೆ ಮೂರಾಣೆ.

ಯಾರಿಗೆ ಮಾರ್ತಿ ಅಂತ ಕೇಳಿದ್ರಿ.
ಟೇಶನ್ನಿನ ಟಪಾಲ್ ಕೋಣಿಗೆ ಒಂದು ಸೇರು.
ಅಲ್ಲಿ ಮದ್ರಾಸಿನ ತಿರುವೆಂಗಡ ಮೊದಲಿಯಾರು, ಇಂಗ್ರೇಜಿ ಸರಕಾರದವರು,
ಕಿಟ್ಲಿ ಕೊಕ್ಕಿಗೆ ಲಕೋಟಿ ಹಿಡದು ಕುಂತಿರ್ತಾರ.
ಚಾ ಕುಡದದ್ದು ನಾ ಒಮ್ಮ್ಯೂ ನೋಡಿಲ್ಲ.
ರೊಕ್ಕ ಕಲ್ದಾರ, ಕೈಯಾಗಿಂದ ಕೈಗೆ.

ನವರಂಗ ದರವಾಜದ ಸಂದಿಗೆ ಇನ್ನೊಂದು ಸೇರು.
ಅಲ್ಲಿ ಮುನ್ಷಿ ಗುಲಾಮ ದಸ್ತಗೀರ, ಹೈದರಾಬಾದಿನ ಸರಕಾರದವರು,
ಕುದಿಯೋ ಅನ್ನದ ಗಡಿಗಿ ಮ್ಯಾಲ ಹಿಡೀತಾರ.
ಅವರ ಕೈ ದಾಟಿದ ಕಾಗದಕ್ಕ ಲವಂಗದ ವಾಸನಿ.
ಹಾಲಿ ರೊಕ್ಕ. ಅದೂ ಉದ್ರಿ.

ಜಗಳ? ಎಲ್ಲೀದ್ರಿ ಜಗಳ.
ಎರಡೂ ಸರಕಾರ ವಫಾದಾರ್ ದೋಸ್ತರು, ಡಂಗುರ ಹೊಡದು ಹೇಳ್ಯಾರ.
ಈ ಕಡಿಂದ ಮಾವಿನಹಣ್ಣಿನ ಪುಟ್ಟಿ ಹೋಗತಾವ,
ಆ ಕಡಿಂದ ಡಬ್ಬಿ ಬಿಸ್ಕೀಟು ಬರತಾವ.
ಪುಟ್ಟಿ ತಳದ ಹುಲ್ಲು ಒಂದೀಟು ಝಾಡಿಸಿ ನೋಡ್ತಾರ, ಅಷ್ಟ.
ವೈರಿ ಕಾಗದಕ್ಕ ನನ್ನ ಅಂಟು ಯಾಕ ಬೇಕ್ರಿ,
ಹರದು ಓದಿ ಒಲಿಗೆ ಹಾಕಿದ್ರಾತು.
ಓದಿ, ಮತ್ತ ಅಂಟಿಸಿ, ಮ್ಯಾಲ ಊದಿ ಆರಿಸಿ ಕಳಸೋದು
ದೋಸ್ತರ ಕಾಗದ ಮಾತ್ರ.

ನನಗ ಅಕ್ಷರ ಬರಂಗಿಲ್ಲ. ಹೆಬ್ಬಟ್ಟು ಬರತೈತಿ.
ಲಕೋಟಿ ಮಡಿಕಿ ಮ್ಯಾಲ ಆಡಿಸಿದ್ರ ಸಾಕು,
ಬರದವರ ಅಂಟೊಂದು, ಮೊದಲಿಯಾರದೊಂದು, ಮುನ್ಷಿದೊಂದು.
ತಳದಾಗಿಂದು ಹಿಟ್ಟಿಂದು, ಮ್ಯಾಲಿನವೆರಡೂ ನನ್ನವ.
ಹ್ವಾದ ವರ್ಷ ಕೃಷ್ಣಾ ಬ್ರಿಜ್ಜಿನಾಚೆ ದಂಡು ಕೂಡಿತ್ತಲ್ಲ,
ಊರಾಗ ಯಾರಿಗೂ ಸುದ್ದಿ ಇರಲಿಲ್ಲ.
ದಿನಕ್ಕ ಐದು ಸೇರು ಹೋಗತಿತ್ತು. ನನ್ನ ಗಡಿಗಿಗೆ ಗೊತ್ತಿತ್ತು.

ಸಿಕಂದರಾಬಾದಿನ ಲಾಯದಾಗ ನನ್ನ ಗಂಡ ಕುದುರಿ ತಿಕ್ಕತಾನ.
ಹೆಸರು ನಾ ಹೇಳಬಾರದು, ನಿಮ್ಮ ಕಾಗದದಾಗ ಇರತೈತಿ ಬಿಡ್ರಿ.
ಕಾರ್ತೀಕದಾಗ ಅವನ ಪತ್ರ ಬಂತು.
ಹೆಬ್ಬಟ್ಟು ಆಡಿಸಿದೆ. ಮೂರು ಪದರು.

ಓದಿ ಹೇಳ್ರಿ ಅಂತ ಮುನ್ಷಿ ಹಂತೇಲಿ ಒಯ್ದೆ.
ಲಕೋಟಿ ಇನ್ನಾ ಒಡದಿಲ್ಲ, ಕಣ್ಣು ಮುಚ್ಚಿ ಸುರು ಮಾಡಿದ್ರು:
‘ನಲವತ್ತು ಕುದುರಿಗೆ ಕೆಮ್ಮು, ಹನ್ನೊಂದು ಸತ್ತಾವ,
ಹೊಸ ಸಾಹೇಬ ಬಂದಾನ, ಪಗಾರ ತಡ,
ನೀ ಮೈ ಜ್ವಾಕಿ.’
ಆಮ್ಯಾಲ ನಾಲಿಗಿ ಕಚ್ಚಿಕೊಂಡು ಒಡದು, ಓದಿದಂಗ ಮಾಡಿದ್ರು.
ನಾ ಅವರ ಮಾರಿ ನೋಡ್ಲಿಲ್ಲ, ಕಾಗದ ನೋಡಿದೆ.
ಕುದುರಿ ಸಾಲಿನ ಕೆಳಗ ಒಂದು ಉಗುರಿನ ಗೀರು,
ಕಡೀ ಸಾಲಿನ ಕೆಳಗ ಇನ್ನೊಂದು.
ಅವರ ಬಟ್ಟು ಕಡೀ ಸಾಲಿಗೆ ಇಳೀಲಿಲ್ಲ.

ಮೊದಲಿಯಾರ ಹಂತೇಲಿ ಹೋದೆ.
ಕುದುರಿ, ಕೆಮ್ಮು, ಹೊಸ ಸಾಹೇಬ.
ಅವರ ಬಟ್ಟೂ ಅಲ್ಲೇ ನಿಂತು.
ಕಿಟ್ಲಿಯೊಳಗಿನ ನೀರು ಎಲ್ಲಾ ಆರಿ ತಳ ಹತ್ತಿತ್ತು.
ಒಂದು ದಮಡಿ ಲೆಕ್ಕದಾಗ ಎಂದೂ ಕೂಡದ ಎರಡು ಸರಕಾರ
ನನ್ನ ಗಂಡನ ಒಂದು ಸಾಲಿನಾಗ ಕೂಡ್ಯಾವ.

ನೀವ್ಯಾರ ಕಡೆಯವರೋ ನಾ ಕೇಳಂಗಿಲ್ಲ.
ನಿಮ್ಮ ತೋರುಬಟ್ಟಿನಾಗೂ ಉಗುರು ಉದ್ದ ಐತಿ,
ಸಂದಿನಾಗ ನನ್ನ ಅಂಟಿನ ಹೊಳಪು ಐತಿ.
ಪತ್ರ ಇಲ್ಲೇ ಐತ್ರಿ, ಎಲಿಚಂಚಿಯಾಗ.
ತಗೋರಿ. ಬ್ಯಾರೆದು ಬ್ಯಾಡ, ಕಡೀ ಸಾಲು ಅಷ್ಟ ಓದ್ರಿ.

ಯಾಕ್ರಿ?

ಹ್ಞಾಂ, ಹೇಳೀನಲ್ರಿ ಮೊದಲ.
ಸೇರಿಗೆ ಮೂರಾಣೆ.