ನಾಲ್ಕನೇ ಪ್ರತಿ

ಧೋಬಿ ತಲಾವಿನ ಕೋರ್ಟಿನೆದುರು, ನೀಲಿ ತಾಡಪತ್ರಿಯ ಕೆಳಗೆ
ಇಪ್ಪತ್ತೆಂಟು ವರ್ಷ ಟೈಪು ಹೊಡೆದವಳು ನಾನು, ಜಲಜಾ ಪುತ್ರನ್.
ಬಾಡಿಗೆ ತಕರಾರು, ಪಗಡಿ ರೂಮು, ಅಣ್ಣತಮ್ಮಂದಿರ ನಡುಗೋಡೆ.
ಒಂದು ಅಸಲು, ಮೂರು ಕಾರ್ಬನ್.
ನಾಲ್ಕನೆಯದರಲ್ಲಿ ಅಕ್ಷರ ಮಂಕು,
ಆದರೂ ಅದರ ಮೇಲೂ ಬೀಳುತ್ತದೆ ಸರಕಾರಿ ಠಸ್ಸೆ.

ಹಾಗಾಗಿ ಪರೇಲಿನಲ್ಲಿ ದಸ್ತೂರ್ ಡಾಕ್ಟರು
ಒಂದು ಎಮ್ಮೆಲ್ ರಕ್ತದಲ್ಲಿ ನಾಲ್ಕು ಕೋಟಿ ಕಾಪಿ ಅಂದಾಗ
ಹೆದರುವ ಮೊದಲು ನಗು ಬಂತು:
ಪುಟಕ್ಕೆ ಎಷ್ಟು ಕೊಡ್ತಾರಂತೆ?

ಎಲ್ಲಿಂದ ಬಂತು ಅಂತ ಕೇಳಿದವರೇ ಎಲ್ಲ, ಕೆಲವರು ಕಣ್ಣಿನಲ್ಲೇ.
ಅಮ್ಮನಿಂದ. ಹೆರಿಗೆಯ ಹೊತ್ತಿಗೇ.
ಅಸಲು ಅವಳಲ್ಲಿತ್ತು, ಅವಳಿಗೇ ತಿಳಿದಿರಲಿಲ್ಲ.
ಸಸೂನ್ ಡಾಕಿನಲ್ಲಿ ಸಿಗಡಿ ಸುಲಿಸುಲಿದು ಬೆರಳು ಬಿಳಿಚಿದವಳು
ನನಗೊಂದು ಕೊಟ್ಟಳು, ತಮ್ಮ ಹರಿಯಪ್ಪನಿಗೊಂದು.
ಹೊಟ್ಟೆ ಊದಿ, ಕಣ್ಣು ಅರಿಸಿನವಾಗಿ ಹರಿಯಪ್ಪ ಹೋದಾಗ
ಕುಡಿದು ಸತ್ತ ಅಂತು ಚಾಳು.
ಕಬ್ಬಿನ ಹಾಲು ಬಿಟ್ಟು ಬೇರೇನೂ ಕುಡಿದವನಲ್ಲ.
ಅದಕ್ಕೊಂದು ಅಫಿಡವಿಟ್ ಹೊಡೆಯಬೇಕು ಅನ್ನಿಸಿತ್ತು.
ಯಾವ ಕೋರ್ಟಿಗೆ ಕೊಡಲಿ?

ನನ್ನದು ಸಿಕ್ಕಿದ್ದು ಬಸಿರಿನ ಪರೀಕ್ಷೆಯಲ್ಲಿ.
ಮಗಳು ಹುಟ್ಟಿದ ದಿನವೇ ಅವಳ ತೊಡೆಗೆ ಸೂಜಿ.
ಅಲ್ಲಿಗೆ ಕಾರ್ಬನ್ ಹರಿಯಿತು.
ಅದೇ ವಾರ ನಾದಿನಿ ನನ್ನ ಸ್ಟೀಲ್ ಲೋಟಕ್ಕೆ
ಕೆಂಪು ನೇಲ್‌ಪಾಲಿಶಿನ ಚುಕ್ಕೆ ಇಟ್ಟಳು.

ಮೊದಲ ಗುಳಿಗೆ ಲ್ಯಾಮಿವುಡಿನ್, ದಿನಕ್ಕೊಂದು.
ಗೋಡೆಯ ಮರಾಠಿ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ,
ಹಾಲಿನವನ ಲೆಕ್ಕ, ಪಕ್ಕದಲ್ಲಿ ನನ್ನ ಗೀಟು.
ಲೋಕಲ್ ನಿಂತು ನೀರು ಸೊಂಟಕ್ಕೆ ಬಂದ ಆ ಜುಲೈ ರಾತ್ರಿಯೂ
ಕುರ್ಲಾದ ಹಳಿಯ ಮೇಲೆ ಕುಪ್ಪಸದೊಳಗಿನ ಪಟ್ಟಿ ತೆಗೆದು
ಯಾರದೋ ಬಾಟಲಿಯ ನೀರು ಎತ್ತಿ ಹೊಯ್ದು ನುಂಗಿದ್ದೆ,
ತುಟಿ ತಾಗಿದರೂ ಹರಡುವುದಿಲ್ಲ ಅಂತ ಗೊತ್ತಿದ್ದೂ.

ಐದನೆಯ ವರ್ಷ ಸಂಖ್ಯೆ ಮತ್ತೆ ಏರಿತು.
ತಪ್ಪಿಸಿದ್ರಾ? ಕೇಳಿದರು ದಸ್ತೂರ್.
ಮರುದಿನ ಐದೂ ಕ್ಯಾಲೆಂಡರು ಸುರುಳಿ ಸುತ್ತಿ ಒಯ್ದು
ಅವರ ಮೇಜಿನ ಮೇಲೆ ಹಾಸಿದೆ.
ಹಾಳೆ ಹಾಳೆ ನೋಡಿದರು. ಕನ್ನಡಕ ತೆಗೆದರು.
"ತಪ್ಪು ನಿಮ್ಮದಲ್ಲ ಬಾಯಿ.
ಅದು ನಕಲು ಮಾಡುವಾಗ ಒಂದಕ್ಷರ ಎಡವುತ್ತದೆ.
ಎಡವಿದ್ದು ಬಹಳಷ್ಟು ಸಾಯುತ್ತದೆ.
ಒಂದು ಮಾತ್ರ ಗುಳಿಗೆಯ ಕೈಗೆ ಸಿಗದೆ ಉಳಿದು ಸಂಸಾರ ಹೂಡುತ್ತದೆ."

ಒಂದಕ್ಷರ!
ಇಂಗ್ಲಿಷಿನ ಒಂದಕ್ಷರ ತಪ್ಪಿ ಪಾಟೀಲನ ರೂಮು
ಪಟೇಲನ ಹೆಸರಿಗೆ ಬಿದ್ದು, ಆರು ತಾರೀಖು ಮುಂದೆ ಹೋಗಿ
ವಕೀಲರಿಂದ ಬೈಸಿಕೊಂಡವಳು ನಾನು.
ನನ್ನ ತಪ್ಪಿಗೆ ಬಿಳಿ ಶಾಯಿಯಾದರೂ ಇತ್ತು.

ಆಮೇಲೆ ಎಡಿಫೊವಿರ್ ಸೇರಿಸಿದರು, ಅದೂ ಸಾಲದೆ ಟೆನೊಫೊವಿರ್.
ಮೂತ್ರಪಿಂಡ ನೋಡಬೇಕು, ಮೂಳೆ ನೋಡಬೇಕು,
ಆರು ತಿಂಗಳಿಗೊಮ್ಮೆ ತಣ್ಣನೆ ಜೆಲ್ಲಿ ಹಚ್ಚಿ
ಬಲಪಕ್ಕೆಯ ಕೆಳಗೆ ಹುಡುಕಬೇಕು.
ಯಾವತ್ತಿನವರೆಗೆ ಅಂತ ಕೇಳುವುದನ್ನು ಬಿಟ್ಟಿದ್ದೇನೆ.

ನಿನ್ನೆ ವರದಿ ಬಂತು: ವೈರಸ್ ಪತ್ತೆಯಾಗಿಲ್ಲ.
ಮಗಳು ಫೋನಿನಲ್ಲಿ ಕುಣಿದಳು.
ನಾನು ಬೇಲಿಫ್ ಶಿಂತ್ರೆಯನ್ನು ನೆನೆದೆ.
ಸಮನ್ಸು ಹಿಡಿದು ಗಿರ್‌ಗಾಂವ್ ಸುತ್ತಿ ಬಂದು ಬರೆಸುತ್ತಿದ್ದ,
ವಿಳಾಸದಲ್ಲಿ ಆಸಾಮಿ ಸಿಗಲಿಲ್ಲ.
ಅಂದರೆ ಇಲ್ಲ ಅಂತಲ್ಲ.
ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿರುತ್ತಿದ್ದ ಆಸಾಮಿ,
ಒಳಗೆ ಕುಕ್ಕರು ಕೂಗುತ್ತಿತ್ತು.

ರಾತ್ರಿ ಒಂಬತ್ತೂವರೆ. ಕೆಂಪು ಚುಕ್ಕೆ ಅರ್ಧ ಸವೆದಿದೆ,
ನಾದಿನಿಯೂ ಈಗಿಲ್ಲ, ಲೋಟ ನಾನೇ ಬದಲಿಸಲಿಲ್ಲ.
ಗೀಟು ಎಳೆದದ್ದು ಕಾಣುತ್ತಿದೆ.
ಗುಳಿಗೆ ನುಂಗಿದೆನೋ, ಬರೀ ಗೀಟು ಎಳೆದೆನೋ
ನೆನಪಾಗುತ್ತಿಲ್ಲ.
ಡಬ್ಬಿ ಸುರಿದು, ದೀಪದ ಕೆಳಗೆ,
ಒಂದೊಂದಾಗಿ ಎಣಿಸುತ್ತಿದ್ದೇನೆ.